ಮಾಲ್ಟಾದಿಂದ ಕತಾನಿಯಾಕ್ಕೆ ಮುಕ್ಕಾಲು ಗಂಟೆ

ಮಾಲ್ಟಾದ ವಿಮಾನ ನಿಲ್ದಾಣದಿಂದ ಸಿಸಿಲಿಯ ಕತಾನಿಯಾ ವಿಮಾನ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯ ದಾರಿ. ಸಮುದ್ರದ ಮೇಲೆ ನೇರ ಗೆರೆ ಎಳೆದರೆ ನೂರೆಂಬತ್ತು ಕಿಲೋಮೀಟರಿನ ಆಸುಪಾಸು. ಸೀಟಿನ ಪಟ್ಟಿ ಬಿಚ್ಚಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮತ್ತೆ ಪಟ್ಟಿ ಬಿಗಿಯಿರಿ ಎನ್ನುತ್ತಾರೆ ಎಂದು ನನ್ನ ಜೊತೆ ಕೆಲಸ ಮಾಡುವವರು ಹೇಳುತ್ತಿದ್ದರು. ನಾನು ಮಾಲ್ಟಾದಲ್ಲಿ ಆರು ವರ್ಷ ಇದ್ದೆ. ಅದರಲ್ಲಿ ಮೂರೂವರೆ ವರ್ಷ ನನ್ನ ಗೆಳತಿ ಕತಾನಿಯಾದಲ್ಲಿದ್ದಳು. ಆ ಮೂರೂವರೆ ವರ್ಷದಲ್ಲಿ ನಾನು ಒಂದೇ ಒಂದು ಸಲವೂ ಅವಳ ಹತ್ತಿರ ಹೋಗಲಿಲ್ಲ.

ನಮ್ಮೂರು ಅಫಜಲಪುರ ತಾಲ್ಲೂಕಿನ ಕರಜಗಿ. ಅವಳದು ಜೇವರ್ಗಿ ತಾಲ್ಲೂಕಿನ ಅಂದೋಲಾ. ನಡುವೆ ಭೀಮಾ ನದಿ, ಮೂರು ನಾಲ್ಕು ಬಸ್ಸು. ನಾವು ಪರಿಚಯವಾದದ್ದು ಎರಡೂ ಊರಿನಲ್ಲಲ್ಲ, ಆಳಂದದಲ್ಲಿ. ನರ್ಸಿಂಗ್ ಮುಗಿಸಿದ ಮೇಲೆ ಇಬ್ಬರಿಗೂ ಅಲ್ಲಿನ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆಯನ್ನು ಹಂಚಿಕೊಂಡಿದ್ದೆವು. ಒಂದೇ ನಲ್ಲಿ, ಒಂದೇ ಒಲೆ. ಬೆಳಿಗ್ಗೆ ಯಾರು ಮೊದಲು ಸ್ನಾನ ಮಾಡಿ ಲಿಂಗಪೂಜೆಗೆ ಕೂಡುವುದು ಎಂದು ದಿನಾ ಜಗಳ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏಳು ಬೇ," "ತಿನ್ನು ಬೇ," "ಸುಮ್ಮ ಕೂಡು ಬೇ" ಎಂದೇ ಅವಳ ಸಲಿಗೆಯ ಮಾತು. ನಾನೂ ಹಾಗೆಯೇ.

ಅಲ್ಲಿದ್ದ ಎರಡನೆಯ ವರ್ಷ ನನಗೆ ಟೈಫಾಯ್ಡ್ ಆಯಿತು. ಕರಜಗಿಯಲ್ಲಿ ಅತ್ತಿಗೆಯ ಬಾಣಂತನ ನಡೆದಿತ್ತು, ಅವ್ವ ಮನೆ ಬಿಟ್ಟು ಬರುವ ಹಾಗಿರಲಿಲ್ಲ. ಹೇಳಿದರೆ ಸುಮ್ಮನೆ ಕಳವಳಪಡುತ್ತಾಳೆಂದು ನಾನು ಮನೆಗೆ ತಿಳಿಸಿಯೂ ಇರಲಿಲ್ಲ. ಜ್ವರದ ಮೂರನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟರೆ ಹಣೆಯ ಮೇಲೆ ವಿಭೂತಿ ಹಚ್ಚಿಕೊಂಡ, ಅಗಲ ಮುಖದ ಹೆಂಗಸೊಬ್ಬರು ನನ್ನ ಪಾದ ತಿಕ್ಕುತ್ತಾ ಕೂತಿದ್ದರು. ಗೆಳತಿಯ ಅವ್ವ. ಅಂದೋಲಾದಿಂದ ಜೇವರ್ಗಿ, ಅಲ್ಲಿಂದ ಕಲಬುರಗಿ, ಅಲ್ಲಿಂದ ಆಳಂದ ಎಂದು ಮೂರು ಬಸ್ಸು ಬದಲಿಸಿ ಬಂದಿದ್ದರು. ನಾನು ಅವರನ್ನು ಅದಕ್ಕೆ ಮೊದಲು ನೋಡಿರಲೇ ಇಲ್ಲ.

"ಯಾಕ ಬಂದ್ರಿ ಅವ್ವಾ, ಇಷ್ಟು ದೂರ," ಎಂದೆ.

"ದೂರ ಏನ್ ದೂರ? ಬಸ್ಸು ತರ್ತದ, ನಾ ಏನ್ ನಡದು ಬಂದೇನೇನು? ನನ್ನ ಮಗಳು ಫೋನಿನ್ಯಾಗ ದನಿ ಸಣ್ಣ ಮಾಡಿದ್ಲು. ಯಾಕಂತ ಕೇಳಿದ್ರ, ಜೊತಿಗಿರೋ ಹುಡುಗಿಗಿ ಜ್ವರ ಬಂದಾವ ಅಂದ್ಲು. ಮನಿಗಿ ಕೀಲಿ ಹಾಕಿ ಬಂದೆ," ಎಂದರು.

ಎಂಟು ದಿನ ಇದ್ದರು. ಗಂಜಿ ಮಾಡಿ ಕುಡಿಸಿದರು, ಬೆವರಿನ ಬಟ್ಟೆ ಒಗೆದರು, ನನ್ನ ತಲೆಗೂದಲು ಸಿಕ್ಕುಗಟ್ಟಿದ್ದನ್ನು ಬಿಡಿಸಿ ಹೆಣೆದರು. ನಾನು ಎದ್ದು ಓಡಾಡಿದ ದಿನ ಮತ್ತೆ ಮೂರು ಬಸ್ಸು ಹತ್ತಿ ಊರಿಗೆ ಹೋದರು. ಆಮೇಲೆ ನಾನೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದೆ, ಬಾಯಿಮಾತಿಗಲ್ಲ.

ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಿದ್ದು ಇಬ್ಬರೂ ಕೂಡಿಯೇ. ಮೊದಲು ನನಗೆ ಕರೆ ಬಂತು, ಮಾಲ್ಟಾದ ಒಂದು ವೃದ್ಧಾಶ್ರಮದಲ್ಲಿ. ಅವಳಿಗೆ ಅಲ್ಲಿ ಆಗಲಿಲ್ಲ. ಒಂದು ವರ್ಷದ ಮೇಲೆ, ಆಳಂದದ ಡಾಕ್ಟರರ ಪರಿಚಯದವರ ಮೂಲಕ, ಕತಾನಿಯಾದಲ್ಲಿ ಒಬ್ಬ ಮುದುಕಿಯನ್ನು ಮನೆಯಲ್ಲೇ ಇದ್ದು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವಳು ಅಲ್ಲಿ ಇಳಿದ ದಿನ ನನಗೆ ಫೋನು ಮಾಡಿ ಕುಣಿದಾಡಿದಳು.

"ಬೇ, ನಕಾಶೆ ನೋಡಿದೇನು? ನೀ ಅಲ್ಲಿ, ನಾ ಇಲ್ಲಿ, ನಡುವ ಒಂದು ಬೊಟ್ಟು ಸಮುದ್ರ. ಕರಜಗಿಯಿಂದ ಅಂದೋಲಾಕ್ಕ ಹೋಗೂದಕ್ಕಿಂತ ಜಲ್ದಿ ಬಂದುಬಿಡ್ತಿ ನೀ!"

"ಬರ್ತೇನಿ, ಬರ್ತೇನಿ. ತಿಂಗಳಿಗೊಮ್ಮಿ ಬರ್ತೇನಿ," ಎಂದೆ.

ಅವಳು ಬರುವಂತಿರಲಿಲ್ಲ. ಆ ಮುದುಕಿಗೆ ನಡೆಯಲು ಬರುತ್ತಿರಲಿಲ್ಲ, ಇವಳನ್ನು ಬಿಟ್ಟು ಬೇರೆ ಯಾರ ಕೈಯಲ್ಲೂ ಉಣ್ಣುತ್ತಿರಲಿಲ್ಲ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಮಾತ್ರ ಗೆಳತಿಗೆ ಬಿಡುವು. ನನಗೆ ವಾರಕ್ಕೆ ಎರಡು ದಿನ ರಜೆ ಬರುತ್ತಿತ್ತು. ಆದ್ದರಿಂದ ಹೋಗಬೇಕಾದವಳು ನಾನೇ.

ಒಂದು ಸಲ ನಿಜವಾಗಿಯೂ ಹೊರಟೆ. ನನ್ನ ಎರಡನೆಯ ವರ್ಷ ಅದು. ಶೇಂಗಾ ಹಿಂಡಿ, ಊರಿನಿಂದ ಬಂದಿದ್ದ ಖಾರದ ಪುಡಿ, ಅವಳಿಗೆಂದು ಕೊಂಡ ಉಣ್ಣೆಯ ಟೊಪ್ಪಿಗೆ ಎಲ್ಲ ಚೀಲದಲ್ಲಿ ತುಂಬಿಕೊಂಡಿದ್ದೆ. ತಪಾಸಣೆಯಲ್ಲಿ ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ನೋಡಿ ಅಧಿಕಾರಿಯೊಬ್ಬಳು ಇದೇನೆಂದು ಕೇಳಿದಳು. ದೇವರು ಎಂದೆ. ತೆರೆದು ತೋರಿಸು ಎನ್ನದೆ ಬಿಟ್ಟುಬಿಟ್ಟಳು. ಒಳಗೆ ಹೋಗಿ ಕೂತ ಮೇಲೆ ಫಲಕದಲ್ಲಿ ಕತಾನಿಯಾದ ಮುಂದೆ ತಡ ಎಂದು ಬಂತು, ಒಂದು ತಾಸಿನ ಮೇಲೆ ರದ್ದು ಎಂದು ಬಂತು. ಕತಾನಿಯಾದ ನೆತ್ತಿಯ ಮೇಲೆ ಎಟ್ನಾ ಎಂಬ ಬೆಂಕಿಯ ಬೆಟ್ಟವಿದೆ. ಅದು ಬೂದಿ ಉಗುಳಿದ ದಿನ ವಿಮಾನಗಳು ಇಳಿಯುವುದಿಲ್ಲ. ಗೆಳತಿ ಫೋನಿನಲ್ಲಿ ನಕ್ಕಳು, ಅಂಗಳದಲ್ಲಿ ಕರಿ ಬೂದಿ ಬಿದ್ದದ್ದನ್ನು ಪೊರಕೆಯಿಂದ ಗುಡಿಸುತ್ತಾ ಚಿತ್ರ ಕಳಿಸಿದಳು. "ಈ ಬೆಟ್ಟಕ್ಕ ನಿನ್ನ ಮ್ಯಾಲ ಸಿಟ್ಟದ ಬೇ. ಮುಂದಿನ ಸಲ ಬಾ," ಎಂದಳು.

ಮುಂದಿನ ಸಲ ಎಂಬುದು ಬರಲಿಲ್ಲ. ಕಾರಣ ಕೇಳಿದರೆ ನನ್ನ ಹತ್ತಿರ ದೊಡ್ಡದೇನೂ ಇಲ್ಲ. ದೂರವಿದ್ದಿದ್ದರೆ ಒಂದು ದಿನ ಗೊತ್ತು ಮಾಡಿ, ರಜೆ ಬರೆದು, ಹೋಗಿಯೇ ತೀರುತ್ತಿದ್ದೆ. ಹತ್ತಿರವಿತ್ತು. ಮುಕ್ಕಾಲು ಗಂಟೆಯಲ್ಲವೇ, ಯಾವಾಗ ಬೇಕಾದರೂ ಹೋಗಬಹುದು ಎನ್ನುತ್ತಾ ಈ ವಾರ ಮೈಕೈ ನೋವು, ಆ ವಾರ ಬಟ್ಟೆ ಒಗೆಯುವುದಿತ್ತು, ಮತ್ತೊಂದು ವಾರ ಜೊತೆಯವರು ಸಮುದ್ರದಂಡೆಗೆ ಕರೆದರು. ಇನ್ನೊಂದು ಮಾತು ಬರೆಯದೆ ಇದ್ದರೆ ಅದು ಸುಳ್ಳಾಗುತ್ತದೆ. ನಾನು ಸಮವಸ್ತ್ರ ಹಾಕಿ ಆಶ್ರಮದಲ್ಲಿ ಕೆಲಸ ಮಾಡುವವಳು, ಅವಳು ಒಬ್ಬರ ಮನೆಯಲ್ಲಿ ಇದ್ದು ಅಡುಗೆ, ಕಸ, ಮುಸುರೆ ಎಲ್ಲ ಮಾಡುವವಳು ಎಂಬ ಒಂದು ಸಣ್ಣ ಜಂಬ ನನ್ನೊಳಗೆ ಎಲ್ಲೋ ಸೇರಿಕೊಂಡಿತ್ತು. ಅವಳ ಫೋನು ಬಂದಾಗ ಜೊತೆಯವರಿದ್ದರೆ ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದೆ.

ಅದರ ಮರುವರ್ಷ ಅವಳ ಅವ್ವ ತೀರಿಕೊಂಡರು. ತೊಗರಿ ರಾಶಿಯ ಕಾಲ. ಬೆಳಿಗ್ಗೆ ಹೊಲಕ್ಕೆ ಬುತ್ತಿ ಕೊಟ್ಟು ಬಂದು, ಎದೆ ಹಿಡಿದುಕೊಂಡಿತೆಂದು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಗೆಳತಿಯ ವಾಸದ ಪರವಾನಗಿಯ ಕಾಗದ ನವೀಕರಣಕ್ಕೆ ಹೋಗಿತ್ತು. ಅದು ಕೈಗೆ ಬರುವ ಮೊದಲು ದೇಶ ಬಿಟ್ಟರೆ ತಿರುಗಿ ಬರಲಾಗದು ಎಂದು ಅಲ್ಲಿನವರು ಹೇಳಿದರಂತೆ. ಅವಳ ತಮ್ಮ ಫೋನು ಹಿಡಿದು ನಿಂತ, ಅವಳು ಮಣ್ಣು ಮಾಡುವುದನ್ನು ಫೋನಿನಲ್ಲೇ ನೋಡಿದಳು. ಭಜನೆಯ ಸದ್ದು ಕೇಳುತ್ತಿತ್ತಂತೆ, ಮುಖ ಸರಿಯಾಗಿ ಕಾಣಲಿಲ್ಲವಂತೆ, ಯಾರದೋ ಭುಜ ಅಡ್ಡ ಬರುತ್ತಿತ್ತಂತೆ.

ಆ ದಿನ ಸಂಜೆ ನನಗೆ ಫೋನು ಮಾಡಿದಳು. ಅಳಲಿಲ್ಲ.

"ಬೇ, ಈ ಭಾನುವಾರ ಬಾ. ಇಲ್ಲಿ ಅವ್ವನ ನೋಡಿದವರು ಒಬ್ಬರೂ ಇಲ್ಲ. ನೀ ನೋಡೀದಿ. ನಿನ್ನ ಮುಂದ ಕೂತು ನಾಕು ಮಾತು ಆಡಬೇಕು ಅನಸ್ತದ. ಬರ್ತೀಯೇನು?"

"ಬರ್ತೇನಿ. ಬಿಡೋದೇ ಇಲ್ಲ ಈ ಸಲ," ಎಂದೆ. "ಏರ್‌ಪೋರ್ಟಿಗಿ ಬರಬ್ಯಾಡ, ನಾನೇ ಬಸ್ ಹಿಡದು ಮನಿಗಿ ಬರ್ತೇನಿ."

ಭಾನುವಾರ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋದೆ. ತಪಾಸಣೆಗೆ ಇನ್ನೂ ಸಮಯವಿತ್ತು. ಹೊರಗಿನ ಕಾಫಿ ಅಂಗಡಿಯ ಹತ್ತಿರ ಕೂತಿದ್ದಾಗ ಆಶ್ರಮದಿಂದ ಮೇಲ್ವಿಚಾರಕಿಯ ಫೋನು ಬಂತು. ಮಧ್ಯಾಹ್ನದ ಪಾಳಿಯವಳಿಗೆ ಆರೋಗ್ಯ ಕೆಟ್ಟಿದೆ, ನೀನು ಬರಬಹುದಾ ಎಂದು ಕೇಳಿದಳು. ಒತ್ತಾಯ ಮಾಡಲಿಲ್ಲ. ಆದರೆ ಮರುವಾರ ಹಿರಿಯ ಹುದ್ದೆಗೆ ನನ್ನ ಸಂದರ್ಶನವಿತ್ತು, ಆ ಸಂದರ್ಶನದಲ್ಲಿ ಅವಳೂ ಕೂಡುವವಳಿದ್ದಳು. ಗೆಳತಿಯ ತಾಯಿ ತೀರಿಕೊಂಡಿದ್ದಾರೆ, ಹೋಗುತ್ತಿದ್ದೇನೆ ಎಂದರೆ ಅವಳು ಖಂಡಿತ ಬೇರೆಯವರನ್ನು ಕೇಳುತ್ತಿದ್ದಳು. ನಾನು ಹಾಗೆ ಹೇಳಲಿಲ್ಲ. ಬರುತ್ತೇನೆ ಎಂದೆ.

ಈಗ ಯೋಚಿಸಿದರೆ ಹುದ್ದೆಯ ಆಸೆಯೊಂದೇ ಅಲ್ಲ ಅನಿಸುತ್ತದೆ. ಆ ಫೋನು ಬಂದಾಗ ನನ್ನ ಎದೆ ಹಗುರವಾಯಿತು. ಅಷ್ಟು ದೊಡ್ಡ ದುಃಖದ ಎದುರು ಹೋಗಿ ಕೂಡುವ ಧೈರ್ಯ ನನಗಿರಲಿಲ್ಲ. ಅವಳು ಅತ್ತರೆ ನಾನೇನು ಹೇಳಬೇಕು ಎಂದು ಮೂರು ದಿನದಿಂದ ಹೆದರಿದ್ದೆ. ಆಸ್ಪತ್ರೆಯಲ್ಲಿ, ಆಶ್ರಮದಲ್ಲಿ ಎಷ್ಟು ಸಾವು ನೋಡಿದ್ದೇನೋ, ನನ್ನವರ ಸಾವಿಗೆ ಬೆನ್ನು ತಿರುಗಿಸಿ ಬಸ್ಸು ಹತ್ತಿದೆ.

ಅವಳಿಗೆ ಆಗಲೇ ತಿಳಿಸಲೂ ಇಲ್ಲ. ಏನು ಹೇಳಬೇಕೆಂದು ತೋಚದೆ ಕೆಲಸಕ್ಕೆ ಹೋಗಿ, ಮುದುಕರಿಗೆ ಊಟ ಮಾಡಿಸಿ, ಮಧ್ಯೆ ಬಿಡುವು ಸಿಕ್ಕಾಗ ಬಟ್ಟೆಯ ಕೋಣೆಯಲ್ಲಿ ನಿಂತು ಫೋನು ಮಾಡಿದೆ. ಅಷ್ಟು ಹೊತ್ತಿಗೆ ವಿಮಾನ ಅಲ್ಲಿ ಇಳಿದು ಬಹಳ ಹೊತ್ತಾಗಿತ್ತು.

"ಬೇ, ವಿಮಾನ ರದ್ದಾಗೇದ. ಮತ್ತ ಅದೇ ಬೂದಿ ಅಂತ," ಎಂದೆ.

 ಆ ಕಡೆ ಜನರ ಗದ್ದಲ, ಏನೋ ಗಾಲಿ ಉರುಳುವ ಸಪ್ಪಳ.

"ಹೌದೇನು?" ಎಂದಳು.

"ಹೂಂ ಬೇ. ಹೋದ ಸಲದಂಗ. ಏನ್ ಮಾಡ್ಲಿ ಹೇಳು. ನೀ ಎಲ್ಲಿದ್ದಿ, ಗದ್ದಲ ಕೇಳಾಕತ್ತದ?"

"ಇಲ್ಲೇ, ಹೊರಗ ಬಂದಿದ್ದೆ. ಆಯ್ತು ಬಿಡು. ಹುಷಾರಾಗಿರು."

ನನಗೆ ಹುದ್ದೆ ಸಿಕ್ಕಿತು. ಬೇರೆ ಬಣ್ಣದ ಸಮವಸ್ತ್ರ ಕೊಟ್ಟರು. ಗೆಳತಿಗೆ ಚಿತ್ರ ಕಳಿಸಿದೆ, ಚಂದ ಕಾಣಾಕತ್ತೀದಿ ಎಂದು ಬರೆದಳು. ಮತ್ತೆ ಬಾ ಎಂದು ಅವಳು ಕರೆಯಲಿಲ್ಲ. ದಿನಕ್ಕೊಮ್ಮೆ ಇದ್ದ ಫೋನು ವಾರಕ್ಕೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ. ದುಃಖದಲ್ಲಿದ್ದಾಳೆ, ಹೊತ್ತು ಹೋದ ಹಾಗೆ ಸರಿಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದೂವರೆ ವರ್ಷದ ಮೇಲೆ ಅವಳು ನೋಡಿಕೊಳ್ಳುತ್ತಿದ್ದ ಮುದುಕಿ ತೀರಿಕೊಂಡಳು. ಗೆಳತಿ ಗಂಟು ಕಟ್ಟಿ ಊರಿಗೆ ಹೋದಳು. ಹೋಗುವುದನ್ನೂ ನನಗೆ ಹೋದ ಮೇಲೆಯೇ ತಿಳಿಸಿದಳು, ಎರಡು ಸಾಲಿನಲ್ಲಿ.

ಆರೇಳು ತಿಂಗಳ ನಂತರ ರಜೆಯ ಮೇಲೆ ಕರಜಗಿಗೆ ಬಂದೆ. ಬಂದ ನಾಲ್ಕನೆಯ ದಿನ ಅಂದೋಲಾಕ್ಕೆ ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕುಂಟುತ್ತಾ ಅಫಜಲಪುರಕ್ಕೆ ಒಂದು ಬಸ್ಸು, ಅಲ್ಲಿಂದ ಕಲಬುರಗಿಗೆ ಒಂದು. ಕಲಬುರಗಿಯ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತಮೇಲೆ ಜೇವರ್ಗಿಯ ಬಸ್ಸು ಬಂತು. ಸೇತುವೆಯ ಮೇಲೆ ಭೀಮಾ ದಾಟುವಾಗ ಪಕ್ಕದ ಮುದುಕಿ ನದಿಗೆ ಕೈಮುಗಿದು, "ಮ್ಯಾಲ ಸೊನ್ನದ ಬ್ಯಾರೇಜಿನ್ಯಾಗ ನೀರು ನಿಲ್ಲಿಸ್ಯಾರ, ಕೆಳಗ ಬರೇ ಉಸುಕು ನೋಡವ್ವ," ಎಂದಳು. ಜೇವರ್ಗಿಯಿಂದ ಮತ್ತೊಂದು ಬಸ್ಸು. ಬೆಳಿಗ್ಗೆ ಏಳಕ್ಕೆ ಬಿಟ್ಟವಳು ಅಂದೋಲಾದ ಮಠದ ಹತ್ತಿರ ಇಳಿದಾಗ ಮಧ್ಯಾಹ್ನ ಒಂದೂವರೆ.

ದಾರಿಯುದ್ದಕ್ಕೂ ನಾನು ಒಂದೇ ಮಾತನ್ನು ಜೋಡಿಸುತ್ತಿದ್ದೆ. ಅವತ್ತು ನಾನು ಸುಳ್ಳು ಹೇಳಿದೆ ಎಂದು ಹೇಳಿಬಿಡಬೇಕು. ಅವಳು ಬೈಯಲಿ, ಎರಡೇಟು ಹೊಡೆಯಲಿ, ಆಮೇಲೆ ಮೊದಲಿನ ಹಾಗೆ ಆಗುತ್ತದೆ.

ಅವಳು ತಮ್ಮನ ಮನೆಯಲ್ಲಿದ್ದಳು. ಜೇವರ್ಗಿಯ ಒಂದು ಆಸ್ಪತ್ರೆಗೆ ದಿನಾ ಹೋಗಿಬರುತ್ತಿದ್ದಳಂತೆ, ಅವತ್ತು ನಾನು ಬರುತ್ತೇನೆಂದು ರಜೆ ಹಾಕಿದ್ದಳು. ಬಾಗಿಲಲ್ಲಿ ನನ್ನನ್ನು ನೋಡಿ ನಕ್ಕಳು.

"ಬರ್ರಿ, ಒಳಗ ಬರ್ರಿ. ಕಾಲಿಗಿ ನೀರು ತಗೋರಿ. ಬಿಸಲಾಗ ಬಂದೀರಿ," ಎಂದಳು.

ಯಾರೋ ಹಿರಿಯರು ನನ್ನ ಹಿಂದೆ ಇದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆ ರಿ ನನಗೇ.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಇನ್ನೊಂದು ಹಾಕಿಕೊಳ್ರಿ ಎಂದು ಉಪಚಾರ ಮಾಡಿದಳು. ಮಾಲ್ಟಾದ ಸುದ್ದಿ ಕೇಳಿದಳು, ನಮ್ಮವ್ವನ ಮಂಡಿನೋವು ಕೇಳಿದಳು. ಎಲ್ಲಕ್ಕೂ ರಿ. ಸಿಟ್ಟಿನಲ್ಲಿ ಆಡಿದ ರಿ ಅಲ್ಲ. ಮನೆಗೆ ಬಂದ ಬೀಗರಿಗೆ ಮಾತಾಡುವ ಹಾಗೆ, ತಣ್ಣಗೆ, ಮರ್ಯಾದೆಯಾಗಿ. ನನ್ನ ಬಾಯಿಯಿಂದ ಬೇ ಎನ್ನುವುದು ಹೊರಡಲಿಲ್ಲ.

ಸಂಜೆ ಮುಂದೆ ಅವ್ವನ ಸಮಾಧಿಗೆ ಕರೆದುಕೊಂಡು ಹೋದಳು. ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಒಂದು ಸಣ್ಣ ಕಟ್ಟೆ. ಹೂವು ಏರಿಸಿ ಕೈಮುಗಿದೆ. ಅಲ್ಲಿಯೇ, ಅವಳ ಮುಖ ನೋಡದೆ ಹೇಳಿದೆ.

"ಅವತ್ತು ವಿಮಾನ ರದ್ದಾಗಿರಲಿಲ್ಲ. ನಾ ಸುಳ್ಳು ಹೇಳಿದೆ. ಡ್ಯೂಟಿಗಿ ಹೋದೆ."

ಅವಳು ಕಟ್ಟೆಯ ಮೇಲಿನ ಒಣ ಎಲೆಗಳನ್ನು ಕೈಯಿಂದ ಸರಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ನನಗ ಗೊತ್ತದರಿ," ಎಂದಳು.

"ಹೆಂಗ ಗೊತ್ತಾಯ್ತು?"

"ನೀವು ಬರಬ್ಯಾಡ ಅಂದಿದ್ರಿ. ಮನಸ್ಸು ತಡೀಲಿಲ್ಲ, ಏರ್‌ಪೋರ್ಟಿಗಿ ಬಂದೆ. ಬೂದಿ ಎಲ್ಲಿತ್ತರಿ ಅವತ್ತು? ಆಕಾಶ ನಿಚ್ಚಳ ಇತ್ತು. ಬೆಟ್ಟ ತುದಿತನಕ ಕಾಣಾಕತ್ತಿತ್ತು. ಮಾಲ್ಟಾದ ವಿಮಾನ ಹೊತ್ತಿಗಿ ಸರಿಯಾಗಿ ಬಂತು. ಜನ ಹೊರಗ ಬಂದ್ರು. ಒಬ್ಬೊಬ್ಬರ ಮುಖಾನೂ ನೋಡಿದೆ. ಎಲ್ಲಾರೂ ಮುಗದ್ರು. ಚೀಲ ಸಿಕ್ಕಿರಲಿಕ್ಕಿಲ್ಲ, ಒಳಗ ನಿಂತಿರಬೇಕು ಅಂತ ಅಲ್ಲೇ ನಿಂತೆ. ಆಮ್ಯಾಲೆ ನಿಮ್ಮ ಫೋನ್ ಬಂತು."

ನನಗೆ ಆ ಗಾಲಿಗಳ ಸಪ್ಪಳ ನೆನಪಾಯಿತು. 

"ಅವತ್ತೇ ಯಾಕ ಕೇಳಲಿಲ್ಲ? ಯಾಕ ಬೈಲಿಲ್ಲ ನನ್ನ?"

"ಅವ್ವ ಹೋಗಿ ವಾರ ಆಗಿರಲಿಲ್ಲರಿ. ಬೈದ್ರ ನೀವೂ ಹೋಗಿಬಿಡ್ತೀರಿ ಅಂತ ಅಂಜಿದೆ. ಅದಕ್ಕ ಸುಮ್ಮನಾದೆ," ಎಂದಳು. ಸರಿಸಿದ ಎಲೆಗಳನ್ನು ಬದುವಿನಾಚೆ ಎಸೆದು, "ಸುಮ್ಮನಿದ್ದು ಸುಮ್ಮನಿದ್ದು, ಮಾತೇ ಉಳೀಲಿಲ್ಲ ನೋಡ್ರಿ," ಎಂದಳು.

ನಾನು ಅಲ್ಲಿ ಅತ್ತೆ. ಅವಳು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. ಸಮಾಧಾನ ಮಾಡಿದಳು. ಸಮಾಧಾನ ಮಾಡಬೇಕಾದವಳು ನಾನು, ಅದೂ ಎರಡು ವರ್ಷದ ಹಿಂದೆ.

"ಹೋಗ್ಲಿ ಬಿಡ್ರಿ. ಆಗಿದ್ದು ಆಯ್ತು. ನನ್ನ ಮನಸ್ಸಿನ್ಯಾಗ ಏನೂ ಇಲ್ಲ," ಎಂದಳು. ಆ ಮಾತು ಖರೆಯೇ ಇತ್ತು. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಸಿಗುತ್ತಿತ್ತು.

ನಾನು ಮಾಲ್ಟಾಕ್ಕೆ ವಾಪಸು ಹೋಗಿ ಇನ್ನೂ ಸ್ವಲ್ಪ ಕಾಲ ಕೆಲಸ ಮಾಡಿದೆ. ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮುದುಕರನ್ನು ನೋಡಲು ಅವರ ಮಕ್ಕಳು ಬಾರದೆ ಹೋದ ಭಾನುವಾರಗಳಲ್ಲಿ, ದಾರಿಯಲ್ಲಿ ಏನೋ ಅಡಚಣೆಯಾಗಿದೆಯಂತೆ ಎಂದು ನಾವೇ ಅವರಿಗೆ ಹೇಳುವ ರೂಢಿಯಿತ್ತು. ಆ ಮಾತು ಹೇಳುವುದನ್ನು ನಾನು ಜೊತೆಯವರಿಗೆ ಬಿಡತೊಡಗಿದೆ. ಒಪ್ಪಂದ ಮುಗಿದಾಗ ಮುಂದುವರಿಸದೆ ಊರಿಗೆ ಬಂದೆ. ಈಗ ಅಫಜಲಪುರದಲ್ಲಿ ಒಂದು ಆಸ್ಪತ್ರೆಯಲ್ಲಿದ್ದೇನೆ.

ಹೋದ ವರ್ಷ ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಕಲಬುರಗಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಗೆಳತಿಗೆ ನಾನು ಹೇಳಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳುವುದು? ಯಾರಿಂದಲೋ ಕೇಳಿ ಮರುದಿನ ಬೆಳಿಗ್ಗೆಯೇ ಬಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನಮ್ಮವ್ವನ ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಹಾಸಿಗೆ ಹುಣ್ಣಾಗದ ಹಾಗೆ ಬೆನ್ನಿಗೆ ಪುಡಿ ಹಚ್ಚಿದಳು. ನಾನೂ ನರ್ಸೇ. ಆದರೂ ನನ್ನ ತಾಯಿಯನ್ನು ಹೊರಳಿಸಲು ಅಂಜಿ, ಅವಳಿಗೆ ನೀರು, ಬಟ್ಟೆ ಎತ್ತಿಕೊಡುತ್ತಾ ನಿಂತಿದ್ದೆ. ನಮ್ಮವ್ವ ಅವಳ ಗಲ್ಲ ಸವರಿ, "ನಿನ್ನ ಹಡದಾಕಿ ಪುಣ್ಯವಂತಿ," ಎಂದಳು. ಗೆಳತಿ ಮುಖ ಆ ಕಡೆ ಮಾಡಿ ಗ್ಲೂಕೋಸಿನ ನಳಿಗೆ ಸರಿಮಾಡಿದಳು.

ಸಂಜೆ ಬಸ್ ನಿಲ್ದಾಣದವರೆಗೆ ಕಳಿಸಲು ಹೋದೆ. ಜೇವರ್ಗಿಯ ಬಸ್ಸು ನಿಂತಿತ್ತು, ಕಂಡಕ್ಟರು ಇನ್ನೂ ಕೆಳಗೆ ಚಹಾ ಕುಡಿಯುತ್ತಿದ್ದ. ಅವಳು ಹತ್ತಿ ಕಿಟಕಿಯ ಹತ್ತಿರ ಕೂತಳು. ನಾನು ಕೆಳಗೆ ನಿಂತು, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ.

"ಒಂದು ಸಲ ನೀ ಅನ್ನು ನನಗ. ಆಳಂದದಾಗ ಅಂತಿದ್ದೆಲ್ಲಾ, ಹಂಗ."

ಅವಳು ನನ್ನನ್ನು ನೋಡಿದಳು. ಪ್ರಯತ್ನ ಮಾಡಿದಳು ಎಂದು ನನಗೆ ಅನಿಸಿತು. ತುಟಿ ಅಲುಗಿತು. ಆಮೇಲೆ ಸೋತವಳ ಹಾಗೆ ನಕ್ಕುಬಿಟ್ಟಳು.

"ನಾಲಿಗಿ ಹೊರಳವಲ್ದರಿ," ಎಂದಳು.

ಕಂಡಕ್ಟರು ಬಂದು ಸೀಟಿ ಊದಿದ. ಬಸ್ಸು ಹಿಂದಕ್ಕೆ ಸರಿದು, ತಿರುಗಿಕೊಂಡು ಹೊರಟಿತು. ನಾನು ಆಸ್ಪತ್ರೆಗೆ ವಾಪಸು ಬಂದೆ. ನಮ್ಮವ್ವ ನಿದ್ದೆ ಹೋಗಿದ್ದಳು. ಮಂಚದ ಕೆಳಗೆ ಗೆಳತಿ ತಂದಿದ್ದ ರೊಟ್ಟಿಯ ಬುತ್ತಿ ಇತ್ತು. ಬಿಚ್ಚಿ, ನೆಲದ ಮೇಲೆ ಕೂತು ಉಂಡೆ.